ಬಿಡುವಿನ ವೇಳೆಯ ಸಂಗಾತಿಗಳು: ಓದಿದ ಕಾದಂಬರಿ, ನೋಡಿದ ಚಿತ್ರ

(ಕಾರ್ಮಿಕ ಸಂಘದ ವಾಚನಾಲಯದ ವಾರ್ಷಿಕ ಕೂಟದಲ್ಲಿ ನಿವೃತ್ತ ಗಿರಣಿ ಕಾರ್ಮಿಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಮೂವತ್ತು ವರ್ಷ ರಿಂಗ್ ಫ್ರೇಮಿನ ಮುಂದೆ ನಿಂತು ಹರಿದ ಎಳೆಯನ್ನು ಕೂಡಿಸಿದವನು ನಾನು. ಆ ಖಾತೆಯಲ್ಲಿ ಮಾತಾಡಿದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲ. ಕೈಸನ್ನೆ, ತುಟಿಸನ್ನೆಯೇ ನಮ್ಮ ಭಾಷೆ. ಹಾಗಾಗಿ ಮಾತು ತಪ್ಪಿದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಿಡುವಿನಲ್ಲಿ ಓದಿದ ಕಾದಂಬರಿಗಳು, ನೋಡಿದ ಸಿನಿಮಾಗಳು ಮನಸ್ಸಿನಲ್ಲಿ ಏನು ಉಳಿಸಿದವು, ಅಷ್ಟನ್ನೇ ಹೇಳು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಆದರೆ ಇಂದಿನ ಸಭೆಯ ಕೊನೆಗೆ ಇನ್ನೊಂದು ವಿಷಯ ಚರ್ಚೆಗೆ ಬರಲಿದೆ ಎಂಬುದು ತಮಗೆಲ್ಲ ಗೊತ್ತು. ಗಿರಣಿ ಮುಚ್ಚಿ ವರ್ಷಗಳೇ ಆದವು, ಸಂಘದ ಬೊಕ್ಕಸದಲ್ಲಿ ಹಣವಿಲ್ಲ, ಈ ವಾಚನಾಲಯದ ಕೋಣೆಯನ್ನು ಗೋದಾಮಿಗೆ ಬಾಡಿಗೆ ಕೊಟ್ಟರೆ ತಿಂಗಳಿಗೆ ನಾಲ್ಕು ಕಾಸು ಬರುತ್ತದೆ ಎಂಬುದು ಆ ಸಲಹೆ. ಸಲಹೆ ಕೊಟ್ಟವರು ನಮ್ಮವರೇ. ಅವರ ಮನಸ್ಸು ಕೆಟ್ಟದ್ದಲ್ಲ. ಆದರೂ ಮತಕ್ಕೆ ಹಾಕುವ ಮೊದಲು ಈ ಕೋಣೆ ನನಗೆ ಏನು ಕೊಟ್ಟಿತು ಎಂಬ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ.

ನಾನು ಗಿರಣಿಗೆ ಸೇರಿದ್ದು 1968ರಲ್ಲಿ. ಓದಿದ್ದು ಏಳನೆಯ ಇಯತ್ತೆ. ಮೊದಲು ಹಿಡಿದ ಪುಸ್ತಕ ಯಾವುದೋ ದೊಡ್ಡ ಗ್ರಂಥವೆಂದು ಸುಳ್ಳು ಹೇಳಲಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ! ಹೆಚ್ಚು ಶಾಲೆ ಕಾಣದ ಆ ಮನುಷ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಪಂಡಿತರು ಮೂಗು ಮುರಿದರು. ಆದರೆ ಕೂಲಿಯವರು, ಹೋಟೆಲಿನ ಹುಡುಗರು, ಬಸ್ಸಿನ ಕ್ಲೀನರುಗಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಪುಟ ತಿರುವಲು ಕಲಿತದ್ದು ಆ ಪುಸ್ತಕಗಳಿಂದ. ಕಳ್ಳ ಯಾರು ಎಂದು ತಿಳಿಯುವ ಆತುರ ನಮಗೆ ಓದುವ ಚಟ ಹಿಡಿಸಿತು. ಚಟ ಹಿಡಿದ ಮೇಲೆ ಕಾರಂತರೂ ಬಂದರು, ನಿರಂಜನರೂ ಬಂದರು. ಏಣಿಯ ಕೆಳಗಿನ ಮೆಟ್ಟಿಲನ್ನು ಬೈಯುವವನು ಮೇಲೆ ಹತ್ತಿದ್ದಾದರೂ ಹೇಗೆ?

ನಮ್ಮ ಸಂಘದ ಆಗಿನ ಕಾರ್ಯದರ್ಶಿಗಳಿಗೆ ಇದು ಹಿಡಿಸುತ್ತಿರಲಿಲ್ಲ. "ಕಾದಂಬರಿ, ಸಿನಿಮಾ ಎಲ್ಲ ಮಾಲೀಕರು ಕೊಡುವ ಅಫೀಮು. ಕರಪತ್ರ ಓದು" ಎಂದು ಗದರಿಸುತ್ತಿದ್ದರು. ನಾನು ಕರಪತ್ರವನ್ನೂ ಓದಿದೆ. ಆದರೆ ಕರಪತ್ರ ನನ್ನ ಹಕ್ಕೇನು ಎಂದು ತಿಳಿಸಿತು, ನಾನು ಮಾಡುವ ತಪ್ಪೇನು ಎಂದು ತಿಳಿಸಲಿಲ್ಲ. ಅದನ್ನು ತಿಳಿಸಿದ್ದು ಒಂದು ಕಾದಂಬರಿ. ಆ ಕಥೆಯನ್ನೇ ಮೊದಲು ಹೇಳುತ್ತೇನೆ.

ನಾವಿದ್ದ ಚಾಳಿನ ಕೊನೆಯ ಮನೆಯಲ್ಲಿ ಹಿರಿಯ ಕೆಲಸಗಾರರೊಬ್ಬರಿದ್ದರು. ಎಲ್ಲರಿಗೂ ಅವರು ಕಾಕಾ. ದಲಿತರು. ಅಕ್ಷರ ಬಾರದು. ಒಂದು ಮಳೆಗಾಲದಲ್ಲಿ, ರಾತ್ರಿ ಪಾಳಿ ಇಲ್ಲದ ವಾರ, ಅವರ ಕಟ್ಟೆಯ ಮೇಲೆ ಕುಳಿತು ನಾಲ್ಕೈದು ಮಂದಿಗೆ ಶಿವರಾಮ ಕಾರಂತರ "ಚೋಮನ ದುಡಿ"ಯನ್ನು ಗಟ್ಟಿಯಾಗಿ ಓದತೊಡಗಿದೆ. 1933ರಲ್ಲಿ ಬಂದ ಸಣ್ಣ ಪುಸ್ತಕ. ಚೋಮನಿಗೆ ಒಂದು ಜೋಡಿ ಎತ್ತು ಇದೆ, ಹೊಲ ಇಲ್ಲ. ಗೇಣಿಗೆ ಒಂದು ತುಂಡು ಭೂಮಿ ಸಿಕ್ಕರೆ ತಾನೂ ರೈತ ಎನಿಸಿಕೊಳ್ಳಬೇಕು ಎಂಬುದೊಂದೇ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಕ್ಕುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಒಬ್ಬ ತಿರುಗಿ ಬರುವುದಿಲ್ಲ. ಮಗಳು ಬೆಳ್ಳಿ ತನ್ನ ಮಾನ ಕೊಟ್ಟು ಸಾಲ ಹರಿಸಬೇಕಾಗುತ್ತದೆ.

ಕಾಕಾ ಮೊದಲ ದಿನ ಕೇಳಿ ಇಷ್ಟೇ ಅಂದರು: "ಎತ್ತು ಇದ್ದಾವಗ ಹೊಲ ಇಲ್ಲ, ಹೊಲ ಇದ್ದಾವ ಕೈ ಕೆಸರ ಮಾಡ್ಕೊಳ್ಳಾಂಗಿಲ್ಲ. ಇದ ಯಾ ಊರಿನ ಕತಿನೋ ತಮ್ಮಾ? ನಮ್ಮೂರಿಂದ ಇದ್ದಂಗ ಐತಿ." ಅದು ದಕ್ಷಿಣ ಕನ್ನಡದ ಕಥೆ ಎಂದು ನಾನು ಹೇಳಿದೆ. ಅವರು ನಕ್ಕರು.

ಮೂರನೆಯ ದಿನ ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುವ ಭಾಗ ಬಂತು. ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆ ಎಂದು ಯಾರೂ ಕೈಹಾಕುವುದಿಲ್ಲ. ಹುಡುಗ ಸಾಯುತ್ತಾನೆ. ಕಾಕಾ ಕೈ ಎತ್ತಿ "ಸಾಕು, ಇವತ್ತಿಗೆ ನಿಲ್ಲಸು" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಮಾತೆತ್ತಿದರು. ಅವರ ತಂದೆ ಮುಂಬಯಿಯ ಗಿರಣಿಯಲ್ಲಿ ದುಡಿದವರಂತೆ. ಅಲ್ಲಿ ಅವರ ಜಾತಿಯವರನ್ನು ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. ಲಾಳಿಯ ತೂತಿನಿಂದ ನೂಲನ್ನು ಬಾಯಿಯಿಂದ ಎಳೆದುಕೊಳ್ಳಬೇಕಾಗುತ್ತಿತ್ತು. ಅವರ ಬಾಯಿ ತಗಲಿದ ಲಾಳಿಗೆ ತಾವು ಬಾಯಿ ಹಚ್ಚಲಾರೆವು ಎಂದವರು ಮಾಲೀಕರಲ್ಲ, ಕೂಲಿಯವರೇ! ಹೆಚ್ಚು ಸಂಬಳದ ಖಾತೆ ಅದು. ಸಂಗಾತಿಗಳೇ, ಇದು ಕಟ್ಟುಕಥೆಯಲ್ಲ. 1928ರ ಮುಂಬಯಿಯ ದೊಡ್ಡ ಮುಷ್ಕರದ ಕಾಲದಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಇದೇ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಇಟ್ಟಿದ್ದರು.

ಕಾಕಾ ಮುಂದುವರಿದು, "ಅದ ಇರಲಿ. ನೀ ನಮ್ಮ ಕಟ್ಟಿಮ್ಯಾಲ ನಾಕ ದಿನದಿಂದ ಕುಂತ ಓದಾಕತ್ತಿ. ಗಂಟಲ ಒಣಗಿ ಕೆಮ್ಮತಿ. ನಮ್ಮ ಮನಿ ನೀರ ಕೇಳಿ ಏನು?" ಎಂದರು.

ನಾನು ಕೇಳಿರಲಿಲ್ಲ. ಬಾಯಾರಿದಾಗಲೆಲ್ಲ ಎದ್ದು ನಮ್ಮ ಮನೆಗೆ ಹೋಗಿ ಕುಡಿದು ಬರುತ್ತಿದ್ದೆ. ಮೆರವಣಿಗೆಯಲ್ಲಿ ಅವರ ಹೆಗಲಿಗೆ ಹೆಗಲು ಕೊಟ್ಟು ಕೂಗಿದವನು ನಾನು, ಸಂಘದ ಚೀಟಿ ಜೇಬಿನಲ್ಲಿಟ್ಟುಕೊಂಡವನು. ಆದರೂ ಹೊಳೆಯ ದಡದಲ್ಲಿ ಕೈಕಟ್ಟಿ ನಿಂತವರ ಸಾಲಿನಲ್ಲೇ ಇದ್ದೆ. ಅಂದು ಅವರ ಮನೆಯ ತಂಬಿಗೆಯಿಂದ ನೀರು ಕುಡಿದೆ. ಅದು ದೊಡ್ಡ ಕ್ರಾಂತಿಯೇನೂ ಅಲ್ಲ, ಬಹಳ ತಡವಾಗಿ ಮಾಡಿದ ಸಣ್ಣ ಕೆಲಸ. ಆದರೆ ಪುಸ್ತಕವಿಲ್ಲದಿದ್ದರೆ ಆ ಪ್ರಶ್ನೆಯನ್ನು ಅವರು ಕೇಳುತ್ತಲೂ ಇರಲಿಲ್ಲ, ನನಗೆ ತಿಳಿಯುತ್ತಲೂ ಇರಲಿಲ್ಲ.

1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡಿದರು. ಚೋಮನಾದವರು ಎಂ.ವಿ. ವಾಸುದೇವರಾಯರು. ಆ ವರ್ಷದ ರಾಷ್ಟ್ರಪ್ರಶಸ್ತಿ ಚಿತ್ರಕ್ಕೂ ಬಂತು, ಶ್ರೇಷ್ಠ ನಟನೆಂದು ಅವರಿಗೂ ಬಂತು. ಕಾಕಾರನ್ನು ಕರೆದುಕೊಂಡು ಹೋಗಿದ್ದೆ. ಮುಂದಿನ ಬೆಂಚಿನವರು ಹೊಡೆದಾಟವಿಲ್ಲ, ಹಾಡು ಕುಣಿತವಿಲ್ಲ ಎಂದು ಮೊದಮೊದಲು ಗೊಣಗಿದರು. ಕಡೆಗೆ ಚೋಮ ತನ್ನ ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನಲ್ಲ, ಆಗ ಟಾಕೀಸಿನಲ್ಲಿ ಬೀಡಿ ಹಚ್ಚುವ ಸದ್ದೂ ಇರಲಿಲ್ಲ. ಪುಸ್ತಕ ಓದುವಾಗ ಆ ದುಡಿಯ ಸದ್ದನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಿತ್ತು. ಚಿತ್ರದಲ್ಲಿ ಅದು ಎದೆಗೇ ಬಡಿಯಿತು. ಹೊರಗೆ ಬಂದಮೇಲೆ ಕಾಕಾ, "ಪುಸ್ತಕದಾಗ ಚೋಮ ನನ್ನಂಗ ಇದ್ದ, ಇಲ್ಲಿ ನಮ್ಮಪ್ಪನಂಗ ಅದಾನ" ಎಂದರು. ಕಾದಂಬರಿಗೂ ಚಿತ್ರಕ್ಕೂ ಇರುವ ಅಂತರವನ್ನು ಇಷ್ಟು ಚೊಕ್ಕವಾಗಿ ಹೇಳಿದ ವಿಮರ್ಶಕರನ್ನು ನಾನು ಕಂಡಿಲ್ಲ.

ಇನ್ನು ಎರಡನೆಯದು, ನನ್ನನ್ನು ಇಂದಿಗೂ ಬಿಡದ ಚಿತ್ರ. ಬಿಮಲ್ ರಾಯ್ ಅವರು 1953ರಲ್ಲಿ ತೆಗೆದ ಹಿಂದಿ ಚಿತ್ರ "ದೋ ಬೀಘಾ ಜಮೀನ್". ನಾನು ನೋಡಿದ್ದು ಬಹಳ ವರ್ಷಗಳ ಮೇಲೆ, ಒಂದು ಭಾನುವಾರ ಬೆಳಗಿನ ಆಟದಲ್ಲಿ. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಹಿಂದಿ ಬಾರದು. ಆದರೆ ಸಾಲದ ಭಾಷೆ ಯಾರಿಗೆ ತಿಳಿಯುವುದಿಲ್ಲ?

ಶಂಭು ಎಂಬ ರೈತನಿಗೆ ಎರಡು ಬೀಘಾ ಹೊಲ. ಅದರ ನಡುವೆ ಬಾರದಿದ್ದರೆ ಜಮೀನುದಾರನ ಯೋಜನೆ ನಡೆಯದು. ಯೋಜನೆ ಏನು? ಗಿರಣಿ ಕಟ್ಟುವುದು! ಶಂಭು ಹೊಲ ಮಾರುವುದಿಲ್ಲ ಎನ್ನುತ್ತಾನೆ. ಸರಿ, ಹಾಗಾದರೆ ಸಾಲ ತೀರಿಸು ಎನ್ನುತ್ತಾನೆ ಜಮೀನುದಾರ. ತನ್ನ ಲೆಕ್ಕದಲ್ಲಿ 65 ರೂಪಾಯಿ ಎಂದು ಮನೆಯ ಪಾತ್ರೆ ಪಗಡ ಮಾರಿ ತಂದರೆ, ಅವರ ಪುಸ್ತಕದಲ್ಲಿ ಅದು 235 ಆಗಿದೆ. ಕೋರ್ಟು ಮೂರು ತಿಂಗಳ ವಾಯಿದೆ ಕೊಡುತ್ತದೆ. ಶಂಭು ಮಗನನ್ನು ಕಟ್ಟಿಕೊಂಡು ಕಲ್ಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುತ್ತಾನೆ. ಇನ್ನೂ ಜೋರಾಗಿ ಓಡು, ಹೆಚ್ಚು ಕಾಸು ಕೊಡುತ್ತೇನೆ ಎಂದು ಗಿರಾಕಿ ಆಸೆ ತೋರಿಸುತ್ತಾನೆ. ಓಡುತ್ತಾ ಓಡುತ್ತಾ ಗಾಲಿ ಕಳಚುತ್ತದೆ. ಆ ಪಾತ್ರ ಮಾಡಿದ ಬಲರಾಜ್ ಸಾಹನಿ ಅವರು ಕಲ್ಕತ್ತೆಯ ಬೀದಿಯಲ್ಲಿ ರಿಕ್ಷಾ ಎಳೆದು ಕಲಿತು ಬಂದವರು. ತುಂಡು ಕಾಸಿಗಾಗಿ ಓಡುವ ಆ ದೃಶ್ಯ ನೋಡುವಾಗ ನಮ್ಮ ಪೀಸ್ ರೇಟಿನ ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂದು ನನ್ನ ಪಕ್ಕದಲ್ಲಿದ್ದವರು ಕಿರಾಣಿ ಅಂಗಡಿಯ ಗೆಳೆಯರು. ಅವರೂ ಈ ಸಭೆಯಲ್ಲಿದ್ದಾರೆ, ಮಾತು ಆಡಿದರೆ ಬೇಸರ ಮಾಡಿಕೊಳ್ಳುವವರಲ್ಲ. 65 ಇದ್ದದ್ದು 235 ಆದಾಗ ಅವರು ಕುರ್ಚಿಯಲ್ಲಿ ಕೊಸರಾಡಿದರು. ಮರುದಿನ ಬೆಳಿಗ್ಗೆ ತಮ್ಮ ಉದ್ದರಿ ಪುಸ್ತಕ ತೆಗೆದು, ಬರೆಯಲು ಬಾರದ ಗಿರಾಕಿಗಳ ಬಾಬತ್ತನ್ನೆಲ್ಲ ಅವರ ಮುಂದೆಯೇ ಓದಿ ಹೇಳತೊಡಗಿದರು. "ನನ್ನ ಪುಸ್ತಕ ಸರಿಯಾಗೇ ಇತ್ತು. ಆದರೆ ಅದು ಸರಿ ಐತಿ ಅಂತ ಅವರಿಗೆ ಹೆಂಗ ತಿಳೀಬೇಕು?" ಎಂದು ಅವರು ಕೇಳಿದ್ದು ನನಗೆ ನೆನಪಿದೆ. ಇದಕ್ಕೆ ಯಾವ ಕಾಯಿದೆಯೂ ಅವರನ್ನು ಒತ್ತಾಯ ಮಾಡಿರಲಿಲ್ಲ.

ಚಿತ್ರದ ಕೊನೆ ಕೇಳಿ. ಹೊಲ ಹರಾಜಾಗಿದೆ. ಅಲ್ಲಿ ಗಿರಣಿ ಏಳುತ್ತಿದೆ. ಶಂಭು, ಹೆಂಡತಿ, ಮಗ ಬೇಲಿಯ ಹೊರಗೆ ನಿಂತು ನೋಡುತ್ತಾರೆ. ಶಂಭು ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ. ಕಾವಲುಗಾರ ಗದರಿಸಿ ಅದನ್ನೂ ಚೆಲ್ಲಿಸುತ್ತಾನೆ. ಅಷ್ಟೇ.

ಮಿತ್ರರೇ, ನಾವೆಲ್ಲ ಗಿರಣಿಯ ಅನ್ನ ಉಂಡವರು. ಅದರ ಚಿಮಣಿಯ ಹೊಗೆ ಕಂಡರೆ ನಮ್ಮ ಒಲೆಯ ಹೊಗೆ ಎಂದುಕೊಂಡವರು. ನಮ್ಮ ಗಿರಣಿ ಯಾರ ಹೊಲದ ಮೇಲೆ ನಿಂತಿದೆ ಎಂದು ಆ ದಿನದವರೆಗೂ ನಾನು ಕೇಳಿಕೊಂಡವನಲ್ಲ. ಹಳಬರನ್ನು ವಿಚಾರಿಸಿದಾಗ, ಅದು ಜೋಳ ಹತ್ತಿ ಬೆಳೆಯುತ್ತಿದ್ದ ನೆಲ, ಅದನ್ನು ಬಿಟ್ಟುಕೊಟ್ಟವರ ಮಕ್ಕಳೇ ಕೆಲವರು ನಮ್ಮೊಡನೆ ಬದಲಿ ಕೂಲಿಗಳಾಗಿ ಗೇಟಿನ ಮುಂದೆ ಕಾಯುತ್ತಿದ್ದರು ಎಂದು ತಿಳಿಯಿತು. ಬದಲಿಯವರನ್ನು ಕಾಯಂ ಮಾಡಬೇಕೆಂಬ ಬೇಡಿಕೆಯನ್ನು ಕಾಯಂ ಇದ್ದ ನಾವು ಅಲ್ಲಿಯವರೆಗೆ ಪಟ್ಟಿಯ ಕೊನೆಗೆ ತಳ್ಳುತ್ತಿದ್ದೆವು. ಆ ಮೇಲೆ ಅದನ್ನು ಮೇಲಕ್ಕೆ ತರಬೇಕೆಂದು ಸಭೆಯಲ್ಲಿ ಎದ್ದು ಹೇಳಿದವರಲ್ಲಿ ನಾನೂ ಒಬ್ಬ. ಪೂರ್ತಿ ಗೆಲ್ಲಲಿಲ್ಲ, ಕೆಲವರಿಗಾದರೂ ಆಯಿತು.

ಆಮೇಲೆ ನಮ್ಮ ಗಿರಣಿಯೇ ಮುಚ್ಚಿತು. ಯಂತ್ರಗಳನ್ನು ಗುಜರಿಗೆ ತೂಗಿದರು, ನೆಲವನ್ನು ನಿವೇಶನ ಮಾಡಿದರು. ಹೋದ ವರ್ಷ ಮೊಮ್ಮಗನಿಗೆ ನಾನು ದುಡಿದ ಜಾಗ ತೋರಿಸೋಣವೆಂದು ಹೋದೆ. ಗೇಟಿನಲ್ಲಿದ್ದ ಕಾವಲುಗಾರ ಹುಡುಗ, "ಯಾರು ಬೇಕಾಗಿತ್ತು ಅಜ್ಜಾರ? ಒಳಗ ಬಿಡಂಗಿಲ್ರಿ" ಎಂದ. ಅವನದೇನು ತಪ್ಪು? ಹನ್ನೆರಡು ತಾಸು ನಿಲ್ಲುವ ಗುತ್ತಿಗೆ ಕೂಲಿ ಅವನು. ನಾನು ಮಣ್ಣು ಹಿಡಿಯಲು ಬಗ್ಗಲಿಲ್ಲ. ಆದರೆ ಶಂಭುವಿನ ಕೈ ನೆನಪಾಯಿತು. ಗಿರಣಿ ಬಂದಾಗ ರೈತ ಬೇಲಿಯ ಹೊರಗೆ ನಿಂತ, ಗಿರಣಿ ಹೋದಾಗ ಕೂಲಿ ಬೇಲಿಯ ಹೊರಗೆ ನಿಂತ. ಇಬ್ಬರದೂ ಒಂದೇ ಕಥೆ ಎಂದು ನನಗೆ ತೋರಿಸಿದ್ದು ಒಂದು ಬೆಳಗಿನ ಆಟ.

ಎಲ್ಲರೂ ಮೆಚ್ಚಿದ ಚಿತ್ರವನ್ನು ನಾನು ಅರ್ಧ ಒಪ್ಪಿದ್ದೂ ಉಂಟು. 1972ರಲ್ಲಿ ಬಂದ, ಟಿ.ಕೆ. ರಾಮರಾಯರ ಕಾದಂಬರಿಯಿಂದ ಸಿದ್ಧಲಿಂಗಯ್ಯನವರು ಮಾಡಿದ "ಬಂಗಾರದ ಮನುಷ್ಯ". ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ನಾನು ನಾಲ್ಕು ಸಲ ನೋಡಿದ್ದೇನೆ. ರಾಜಕುಮಾರರು ಕಲ್ಲುನೆಲವನ್ನು ಹಸನು ಮಾಡುವುದನ್ನು ನೋಡಿ, ಗಿರಣಿಯ ಕೆಲಸ ಬಿಟ್ಟು ಊರಿಗೆ ಹೋದ ಗೆಳೆಯರು ನಮ್ಮಲ್ಲೇ ಇಬ್ಬರಿದ್ದರು. ದುಡಿಮೆಗೆ ಅಷ್ಟು ಮರ್ಯಾದೆ ಕೊಟ್ಟ ಚಿತ್ರ ವಿರಳ. ಆದರೆ ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಕೆಟ್ಟ ಮಾತಾಡಿದಾಗ ರಾಜೀವ ಎಲ್ಲವನ್ನೂ ಬಿಟ್ಟು ಒಬ್ಬನೇ ಹೊರಟುಬಿಡುತ್ತಾನೆ. ನಾವು ಅತ್ತೆವು, ನಾನೂ ಅತ್ತೆ. ಮನೆಗೆ ಬಂದು ಯೋಚಿಸಿದೆ: ಅವನು ಹೋದಮೇಲೆ ಆ ಊರಿನ ಗತಿ ಏನು? ಎಲ್ಲವನ್ನೂ ಒಬ್ಬನೇ ಕಟ್ಟಿದ, ಒಬ್ಬನೇ ಹೋದ. ಊರವರು ಕೂಡಿ ಕಟ್ಟಿದ್ದರೆ ಅವನು ಹೋಗಬೇಕಾಗಿಯೂ ಇರಲಿಲ್ಲ, ಹೋದರೂ ಊರು ಅನಾಥವಾಗುತ್ತಿರಲಿಲ್ಲ. ಒಬ್ಬ ಬಂಗಾರದ ಮನುಷ್ಯನಿಗಾಗಿ ಕಾಯುವ ರೋಗ ನಮ್ಮ ಸಂಘಗಳಿಗೂ ಇದೆ. ಒಳ್ಳೆಯ ನಾಯಕ ಬಂದರೆ ಸಂಘ ಏಳುತ್ತದೆ, ಅವನು ಮುನಿಸಿಕೊಂಡರೆ ಮಲಗುತ್ತದೆ.

ಇದಕ್ಕೆ ಉತ್ತರವೆಂಬಂತೆ ನನಗೆ ಸಿಕ್ಕಿದ್ದು ನಿರಂಜನರ "ಚಿರಸ್ಮರಣೆ". 1955ರ ಕಾದಂಬರಿ. ಕಯ್ಯೂರಿನ ರೈತರ ಕಥೆ. ನೀಲೇಶ್ವರದಲ್ಲಿ ಶಾಲೆ ಓದಿದ್ದ ನಿರಂಜನರಿಗೆ ಆ ಸೀಮೆ ಪರಿಚಿತ. ಅದು ನನ್ನ ಕೈಗೆ ಬಂದದ್ದೂ ವಿಚಿತ್ರ. ನಮ್ಮ ಕಿರಾಣಿ ಗೆಳೆಯರು ಪೊಟ್ಟಣ ಕಟ್ಟಲು ತೂಕಕ್ಕೆ ಕೊಂಡ ರದ್ದಿಯಲ್ಲಿ ಆ ಪುಸ್ತಕ ಇತ್ತು. ಮೆಣಸು, ಜೀರಿಗೆ ಕಟ್ಟುತ್ತಾ ಮಧ್ಯಾಹ್ನ ಒಂದೆರಡು ಪುಟ ಓದಿದರಂತೆ. ಓದಿದ ಮೇಲೆ ಕೈ ಬರಲಿಲ್ಲ, ತೆಗೆದಿಟ್ಟರು. ಆದರೆ ಕೊನೆಯ ಪುಟಗಳು ಆಗಲೇ ಯಾರದೋ ಮನೆಗೆ ಜೀರಿಗೆಯೊಂದಿಗೆ ಹೋಗಿದ್ದವು. ಸಂಜೆ ನನ್ನ ಬಳಿ ಬಂದು, "ಆ ಹುಡುಗರು ಕಡೀಕ ಏನಾದ್ರು?" ಎಂದು ಕೇಳಿದರು. ನಾವಿಬ್ಬರೂ ಇದೇ ವಾಚನಾಲಯಕ್ಕೆ ಬಂದು ಬೀರುವಿನಲ್ಲಿದ್ದ ಪ್ರತಿಯನ್ನು ತೆಗೆದೆವು. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ ಪ್ರಕರಣ ಅದು. 1943ರ ಮಾರ್ಚಿ 29ರಂದು ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಇನ್ನೊಬ್ಬ ವಯಸ್ಸು ಸಾಲದ್ದರಿಂದ ಉಳಿದ. ಓದಿ ಮುಗಿಸಿ ಗೆಳೆಯರು ಆ ರಾತ್ರಿ ಅಂಗಡಿ ತೆರೆಯಲಿಲ್ಲ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದದ್ದು ಗಲ್ಲಿನ ಭಾಗವಲ್ಲ. ಬಡ ಮೇಷ್ಟ್ರು ಹಳ್ಳಿಯ ಹುಡುಗರ ಕಣ್ಣು ತೆರೆಸುವ ಭಾಗ. ಬಂಗಾರದ ಮನುಷ್ಯ ಅಲ್ಲಿ ಯಾರೂ ಇಲ್ಲ. ಒಬ್ಬ ಇನ್ನೊಬ್ಬನಿಗೆ ಕಲಿಸುತ್ತಾನೆ, ಅವನು ಮತ್ತೊಬ್ಬನಿಗೆ. ನಾಲ್ವರು ಹೋದರೂ ಊರು ಉಳಿಯುತ್ತದೆ.

ಇನ್ನು ತಾಯಂದಿರ ಕಡೆಯ ಮಾತು. ನಮ್ಮ ಮನೆಯವರು ನನಗಿಂತ ಹೆಚ್ಚು ಓದಿದವರು. ಒಲೆಯ ಮುಂದೆ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರ "ಶರಪಂಜರ"ವನ್ನು ಪುಟ್ಟಣ್ಣ ಕಣಗಾಲರು ಚಿತ್ರ ಮಾಡಿದಾಗ ನಾವಿಬ್ಬರೂ ಹೋಗಿ ನೋಡಿದೆವು. ಕಾವೇರಿಯಾಗಿ ಕಲ್ಪನಾ. ಹುಚ್ಚು ಗುಣವಾಗಿ ಆಸ್ಪತ್ರೆಯಿಂದ ಬಂದವಳನ್ನು ಗಂಡ, ಮನೆ, ನೆರೆಹೊರೆ ಹುಚ್ಚಿಯೆಂದೇ ಕಾಣುತ್ತಾರೆ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ದಾರಿಯಲ್ಲಿ ಬರುವಾಗ ನಮ್ಮವರು, "ದವಾಖಾನ್ಯಾಗ ಆರಾಮ ಆತು, ಮನ್ಯಾಗ ಹುಚ್ಚ ಹಿಡೀತು ನೋಡ್ರಿ" ಎಂದರು. ನಾನು ಎಂಟು ತಾಸಿನ ದುಡಿಮೆ, ವಿರಾಮದ ಹಕ್ಕು ಎಂದು ಏನೋ ಉಪದೇಶ ಆರಂಭಿಸಿದೆ. ಅವರು ತಡೆದು, "ನಿಮಗ ಎಂಟ ತಾಸಿಗೆ ಭೋಂಗಾ ಹೊಡೀತೈತಿ. ನನಗ ಯಾರ ಭೋಂಗಾ ಹೊಡೀತಾರ್ರಿ?" ಎಂದರು. ಉತ್ತರ ಇರಲಿಲ್ಲ. ಅಂದಿನಿಂದ ಭಾನುವಾರ ಮಧ್ಯಾಹ್ನದ ಪಾತ್ರೆ ನನ್ನ ಪಾಲಿಗೆ ಬಂದವು. ಆ ಹೊತ್ತಿನಲ್ಲಿ ಅವರು ಓದುತ್ತಾರೆ. ಇಂದಿಗೂ ಹಾಗೆಯೇ ನಡೆದಿದೆ.

ಬಿಡುವು ಎಂದರೆ ಯಾರೋ ಕೊಟ್ಟ ಭಿಕ್ಷೆಯಲ್ಲ ಎಂಬುದನ್ನು ಇಲ್ಲಿ ನೆನಪು ಮಾಡಬೇಕು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂಬ ಮಿತಿ ಹಾಕಿತು. ಅದರ ಹಿಂದೆ ಎಷ್ಟು ಮುಷ್ಕರಗಳು, ಎಷ್ಟು ಉಪವಾಸಗಳು! 2023ರಲ್ಲಿ ನಮ್ಮ ರಾಜ್ಯದಲ್ಲಿ ತಿದ್ದುಪಡಿ ಮಾಡಿ, ವಾರದ 48 ಗಂಟೆ ಹಾಗೆಯೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟರು. ಕಾರ್ಮಿಕನ ಒಪ್ಪಿಗೆ ಇರಬೇಕಂತೆ. ಗೇಟಿನ ಹೊರಗೆ ನೂರು ಜನ ಕಾಯುತ್ತಿರುವಾಗ ಒಳಗಿನವನ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ತಮಗೆ ಗೊತ್ತು. ಹನ್ನೆರಡು ತಾಸು ನಿಂತು ಬಂದವನು ಕಾದಂಬರಿ ತೆರೆಯುತ್ತಾನೆಯೇ? ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕುಗಳನ್ನು ನೋಡುತ್ತಾ ನಿದ್ದೆ ಹೋಗುತ್ತಾನೆ. ಅವನನ್ನು ನಾನು ಬೈಯುವುದಿಲ್ಲ. ದಣಿದ ಕಣ್ಣಿಗೆ ಅಷ್ಟೇ ಸಾಧ್ಯ. ಬೆಳಗಿನಿಂದ ರಾತ್ರಿ ಹತ್ತರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸಣ್ಣ ವ್ಯಾಪಾರಿಯ ಪಾಡೂ ಬೇರೆಯಲ್ಲ. ಹೊತ್ತನ್ನು ಕಸಿದುಕೊಂಡರೆ ಪುಸ್ತಕವನ್ನು ನಿಷೇಧಿಸುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಈ ಕೋಣೆಯ ಲೆಕ್ಕ ಏನಾಯಿತು? ಒಂದು ತಂಬಿಗೆ ನೀರು. ಒಂದು ಉದ್ದರಿ ಪುಸ್ತಕ. ಪಟ್ಟಿಯಲ್ಲಿ ಮೇಲಕ್ಕೆ ಬಂದ ಒಂದು ಬೇಡಿಕೆ. ಭಾನುವಾರದ ಪಾತ್ರೆ. ನಾಲ್ಕೂ ಸಣ್ಣವೇ. ಗೋದಾಮಿನ ಬಾಡಿಗೆಯ ಮುಂದೆ ಇವನ್ನು ತೂಗಲು ತಕ್ಕಡಿ ನನ್ನ ಬಳಿ ಇಲ್ಲ, ತಮ್ಮ ಬಳಿ ಇದೆ.

ನನ್ನ ಸೂಚನೆ ಇಷ್ಟು. ಕೋಣೆಯನ್ನು ಕೊಡುವುದು ಬೇಡ. ನಾವು ಹಳಬರು ಸರದಿಯ ಮೇಲೆ ಸಂಜೆ ಎರಡು ತಾಸು ಬಾಗಿಲು ತೆರೆಯುತ್ತೇವೆ. ವಿದ್ಯುತ್ತಿನ ಬಿಲ್ಲಿಗೆ ವ್ಯಾಪಾರಿ ಬಂಧುಗಳು ಕೈ ಹಚ್ಚಲಿ. ವಾರಕ್ಕೊಮ್ಮೆ ಒಬ್ಬರು ಗಟ್ಟಿಯಾಗಿ ಓದಲಿ, ಮಿಕ್ಕವರು ಕೇಳಲಿ. ಪವರ್ ಲೂಮಿನ ಹುಡುಗರನ್ನೂ, ಗೇಟಿನ ಕಾವಲುಗಾರ ಹುಡುಗನನ್ನೂ ಕರೆಯೋಣ. ಮೊದಲ ವಾರ ಪತ್ತೇದಾರ ಪುರುಷೋತ್ತಮನಿಂದಲೇ ಪ್ರಾರಂಭವಾದರೂ ಚಿಂತೆಯಿಲ್ಲ. ಹೊಲದ ಕಥೆ ನಮಗೆ ಎಷ್ಟೋ ಸಿಕ್ಕಿದೆ. ಗಿರಣಿಯ ಒಳಗಿನ ಸದ್ದು, ಹತ್ತಿಯ ಧೂಳು, ಪಾಳಿಯ ನಿದ್ದೆ, ಇವನ್ನು ಬಲ್ಲವರು ಬರೆದದ್ದು ನನ್ನ ಓದಿನಲ್ಲಿ ಬಹಳ ಕಡಿಮೆ. ಈ ಕೋಣೆಯಲ್ಲಿ ಕುಳಿತು ಕೇಳಿದ ಯಾವನಾದರೊಬ್ಬ ನಾಳೆ ಅದನ್ನು ಬರೆದಾನು.

ಓದುವವನು ನಾನೇ ಆದರೆ ಮೊದಲ ಸಂಜೆಗೇ ಬರುತ್ತೇನೆ. ಕುಡಿಯುವ ನೀರಿನ ಕೊಡ ಒಂದೇ ಇರಲಿ ಎಂಬುದಷ್ಟೇ ನನ್ನ ಷರತ್ತು.